ತಿರುವಿನಲ್ಲಿದ್ದ ಎತ್ತರದ ಮೆಟ್ಟಿಲು

ಯಾರ ಮನೆಗೆ ಊಟಕ್ಕೆ ಕರೆದರೂ ಮೊದಲು ಆ ಮನೆಯ ಮೆಟ್ಟಿಲು ಅಳೆದು, ಆಮೇಲೆ ತಟ್ಟೆಯ ಮುಂದೆ ಕೂರುವ ಮನುಷ್ಯರೊಬ್ಬರ ಪಕ್ಕದ ಮೇಜಿನಲ್ಲಿ ನಾನು ಎಷ್ಟೋ ವರ್ಷ ಕೆಲಸ ಮಾಡಿದೆ. ಜೇಬಿನಲ್ಲಿ ಸದಾ ಒಂದು ಟೇಪು. ಒಮ್ಮೆ ಅಮೆರಿಕದಲ್ಲಿ ನಾವಿರುವ ಪ್ಲೆಸೆಂಟನ್ನಿನಲ್ಲಿ ನನ್ನ ಗೆಳತಿಯ ಗೃಹಪ್ರವೇಶಕ್ಕೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಹಾಲ್‌ನಲ್ಲಿ ಸತ್ಯನಾರಾಯಣ ಪೂಜೆ ನಡೆಯುತ್ತಿದೆ, ಇವರು ಮಹಡಿ ಮೆಟ್ಟಿಲ ಮೇಲೆ ಮಂಡಿಯೂರಿ ಟೇಪು ಎಳೆಯುತ್ತಿದ್ದಾರೆ. ಬಂದವರಲ್ಲಿ ಕೆಲವರು ಅದೂ ಪೂಜೆಯ ಭಾಗವೇ ಇರಬೇಕು ಅಂದುಕೊಂಡು ಚಪ್ಪಲಿ ಬಿಟ್ಟು ದೂರ ನಿಂತರು. ಕೊನೆಗೆ ಮಂಗಳಾರತಿ ತಟ್ಟೆ ಹಿಡಿದು ಬಂದ ನನ್ನ ಗೆಳತಿಗೆ ಇವರು, "ಮನೆ ತುಂಬ ಚೆನ್ನಾಗಿದೆಯಮ್ಮ. ಮೇಲಿನ ಮೆಟ್ಟಿಲು ಮಾತ್ರ ಒಂಚೂರು ಗಿಡ್ಡ. ಬಿಲ್ಡರನ್ನ ಬಿಡಬೇಡ" ಅಂದರು. ಅವಳ ಮುಖ ನೋಡಬೇಕಿತ್ತು. ಅವಳು ಈಗಲೂ ಆ ಮೆಟ್ಟಿಲಿಗೆ ಬಂದಾಗ ಗೋಡೆ ಹಿಡಿದುಕೊಳ್ಳುತ್ತಾಳೆ, ನನ್ನನ್ನು ಬೈಯುತ್ತಾಳೆ.

ಅಮೆರಿಕದಲ್ಲಿ ಎಂಥ ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುವುದು. ಹಾಸನದಲ್ಲಿ ಬೆಳೆದ ನನ್ನ ನಾಲಿಗೆ ಅದಕ್ಕೆ ಒಗ್ಗಲಿಲ್ಲ, ಕೆಲಸಕ್ಕೆ ಸೇರಿದ ದಿನವೇ ಅವರನ್ನು "ಸರ್" ಅಂದುಬಿಟ್ಟೆ. ಆಫೀಸಿನ ಹುಡುಗರು ಕಿಸಕ್ಕನೆ ನಕ್ಕರು. ಇವರು ನಗಲಿಲ್ಲ. "ಈ ಆಫೀಸಿನಲ್ಲಿ ಇವಳೊಬ್ಬಳನ್ನ ಮನೆಯವರು ಬುದ್ಧಿ ಹೇಳಿ ಬೆಳೆಸಿದಾರೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅವರು ಆಡುತ್ತಿದ್ದುದು ಇಂಗ್ಲಿಷು, ಅದೂ ಗಂಟಲಿನ ಬುಡದಿಂದ ಬರುವ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಎಲ್ಲವೂ ಕನ್ನಡವಾಗಿಯೇ ಕೂತಿದೆ, ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ. ಹೆಸರು ಬರೆಯಬೇಡ ಅಂತ ಅವರೇ ಹೇಳಿದ್ದಾರೆ. ಬರೆದರೆ ತಾನು ಯಾವ ಊರಲ್ಲಿ ಎಂಥ ಮೆಟ್ಟಿಲು ಕಟ್ಟಿಸಿದೆ ಅಂತ ಇಲ್ಲಿನವರಿಗೆ ಗೊತ್ತಾಗಿಬಿಡುತ್ತದಂತೆ. ಆ ಕತೆಯನ್ನೇ ಹೇಳಹೊರಟಿದ್ದೇನೆ, ಇರಲಿ.

ನಮ್ಮದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಣ್ಣ ಆಫೀಸು. ಸುತ್ತ ದೊಡ್ಡ ದೊಡ್ಡ ಔಷಧಿ ಸಂಶೋಧನೆಯ ಲ್ಯಾಬುಗಳು, ನಡುವೆ ಸಂದಿಯಲ್ಲಿ ನಾವು. ಹಳೆಯ ಕಟ್ಟಡಗಳು ಭೂಕಂಪಕ್ಕೆ ಕುಸಿಯದ ಹಾಗೆ ಗಟ್ಟಿ ಮಾಡಿಕೊಡುವುದು ನಮ್ಮ ಕಸುಬು. ಅವರು ಹಿರಿಯ ಇಂಜಿನಿಯರು. ನಾವು ಬರೆದ ನಕ್ಷೆಗೆ ಅವರ ಸಹಿ, ಅವರ ದುಂಡನೆಯ ಸೀಲು ಬೀಳದೆ ಕೆಲಸ ಹೊರಡುತ್ತಿರಲಿಲ್ಲ. ಕಂಬ, ತೊಲೆಗಳ ವಿಷಯದಲ್ಲಿ ಸಮಾಧಾನದಿಂದ ಮಾತಾಡುತ್ತಿದ್ದವರು ಮೆಟ್ಟಿಲು ಅಂದ ಕೂಡಲೇ ಬೇರೆ ಮನುಷ್ಯರಾಗುತ್ತಿದ್ದರು. ಇಲ್ಲಿನ ಕಾನೂನಿನಲ್ಲಿ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಎತ್ತರದಲ್ಲಿ ಉಗುರಿನಗಲಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇವರು ಆ ಉಗುರನ್ನೂ ಸಹಿಸುತ್ತಿರಲಿಲ್ಲ. "ಮೆಟ್ಟಿಲು ಅಂದ್ರೆ ಮನುಷ್ಯ ನೋಡದೇ ನಂಬೋ ವಸ್ತು. ಇಳಿಯುವಾಗ ಯಾರೂ ಕಾಲು ನೋಡ್ಕೊಳ್ಳಲ್ಲ. ಆ ನಂಬಿಕೆಗೆ ಮೋಸ ಮಾಡ್ಬಾರ್ದು" ಅನ್ನುತ್ತಿದ್ದರು. ಗುತ್ತಿಗೆದಾರರು ಗೋಳಾಡುತ್ತಿದ್ದರು. ಇವರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, "ಒಡಿ, ಮತ್ತೆ ಕಟ್ಟು" ಅಂತ ಹೊರಟುಬಿಡುತ್ತಿದ್ದರು.

ಅವರ ಊರು ಮೋಸುಲ್. ಇರಾಕಿನ ಉತ್ತರಕ್ಕೆ, ಟೈಗ್ರಿಸ್ ನದಿಯ ದಡದಲ್ಲಿರುವ ಬಹಳ ಹಳೆಯ ಊರು. ಮೋಸುಲ್‌ನವರು ಜುಗ್ಗರು ಅಂತ ಇರಾಕಿನಲ್ಲೆಲ್ಲ ಜೋಕು ಮಾಡುತ್ತಾರಂತೆ. ಆ ಜೋಕುಗಳನ್ನು ನಮಗೆ ಹೇಳಿಕೊಟ್ಟವರೂ ಇವರೇ, ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವರೂ ಇವರೇ. ಒಂದೇ ಟೀ ಬ್ಯಾಗಿನಲ್ಲಿ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಗ್ಲಾಸು ಚಹಾ. ನಕ್ಷೆಯ ಹಾಳೆಯ ಹಿಂಬದಿ ತುಂಬಿದ ಮೇಲೆ ಅದರಲ್ಲೇ ತಿಂಡಿ ಸುತ್ತಿಕೊಳ್ಳುವುದು. ಆದರೆ ಮನೆಯಲ್ಲಿ ಖರ್ಜೂರ ತುಂಬಿ ಸುಟ್ಟ ಬಿಸ್ಕತ್ತು ತಂದರೆ ಡಬ್ಬಿ ಪೂರ್ತಿ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ನನ್ನ ಗಂಡ ಮೆನ್ಲೋ ಪಾರ್ಕಿನ ಆಫೀಸಿನಿಂದ ಮನೆಗೆ ಬಂದವನೇ ಮೊದಲು ಕೇಳುತ್ತಿದ್ದುದು, "ಇವತ್ತು ನಿಮ್ ಸರ್ ಡಬ್ಬ ಬಂದಿಲ್ವಾ?" ಅಂತ.

ನಾನು ಸೇರಿದ ಸ್ವಲ್ಪ ಸಮಯಕ್ಕೆ ಅವರ ಊರಿನಲ್ಲಿ ಯುದ್ಧ ಬಿಗಿಯಾಯಿತು. ಹಳೆಯ ಊರಿನ ಓಣಿಗಳಲ್ಲಿ ಬಂದೂಕಿನವರು ಸೇರಿಕೊಂಡಿದ್ದರು, ಅವರನ್ನು ಹೊರಗೆಳೆಯಲು ಮೇಲಿನಿಂದ ಇರಾಕಿನ, ಅಮೆರಿಕದ ವಿಮಾನಗಳು ಬಾಂಬು ಹಾಕುತ್ತಿದ್ದವು. ನಡುವೆ ಸಿಕ್ಕಿಕೊಂಡವರಲ್ಲಿ ಅವರ ಅಕ್ಕ, ಭಾವ ಇದ್ದರು. ಹುಟ್ಟಿದ ಮನೆಯಲ್ಲೇ ಅಕ್ಕ ಉಳಿದುಕೊಂಡಿದ್ದರು. ತಾಯಿ ಸತ್ತ ಮೇಲೆ ಇವರನ್ನು ಸಾಕಿದವರು ಅವರೇ. ಒಳಗಿದ್ದವರು ಹೊರಗೆ ಬಿಡುವುದಿಲ್ಲ, ಹೊರಗಿದ್ದವರಿಗೆ ಒಳಗೆ ಯಾರಿದ್ದಾರೆ ಅಂತ ಗೊತ್ತಿಲ್ಲ. ಫೋನು ಸಿಗುತ್ತಿರಲಿಲ್ಲ. ಇವರು ದಿನಾ ಪಾರ್ಕಿಂಗ್ ಲಾಟಿಗೆ ಹೋಗಿ, ಕಾರುಗಳ ನಡುವೆ ನಿಂತು ಡಯಲ್ ಮಾಡಿ ಮಾಡಿ ವಾಪಸು ಬಂದು, ಒಮ್ಮೆ ಅಳೆದದ್ದನ್ನೇ ಮತ್ತೆ ಅಳೆಯುತ್ತ ಕೂರುತ್ತಿದ್ದರು. ಏನು ಮಾತಾಡಿಸುವುದು? ನಾನು ಚಹಾ ತಂದಿಡುತ್ತಿದ್ದೆ, ಪ್ರತಿ ಸಲ ಹೊಸ ಟೀ ಬ್ಯಾಗು ಹಾಕಿ. ಅದಕ್ಕೂ ಅವರು ಗೊಣಗದೇ ಇದ್ದಾಗ ನನಗೆ ನಿಜಕ್ಕೂ ಭಯವಾಯಿತು.

ಒಂದು ದಿನ ಫೋನು ಸಿಕ್ಕಿತು. ಒಳಗೆ ಬಂದು ನನ್ನ ಮೇಜಿನ ಅಂಚು ಹಿಡಿದು ನಿಂತರು. "ಮನೆ ಬಿತ್ತು. ಭಾವ ಹೋದ. ಅಕ್ಕ ಇದ್ದಾಳೆ" ಅಂದರು. ನಾನು ಅಳತೊಡಗಿದೆ, ಅವರು ಅಳಲಿಲ್ಲ. "ಯಾರ ವಿಮಾನ ಅಂತ ಅಕ್ಕನ್ನ ಕೇಳ್ಲಿಲ್ಲ. ನಾನು ಈ ದೇಶಕ್ಕೆ ವರ್ಷಾವರ್ಷ ತೆರಿಗೆ ಕಟ್ತೀನಲ್ಲ, ಕೇಳೋಕೆ ಬಾಯಿ ಬರ್ಲಿಲ್ಲ" ಅಂದರು. ಆ ವಿಷಯ ಮತ್ತೆ ಯಾವತ್ತೂ ಎತ್ತಲಿಲ್ಲ.

ಯುದ್ಧ ಮುಗಿದು, ಕಲ್ಲು ಮಣ್ಣು ತೆಗೆದು, ಹಳೆಯ ಊರಿನ ಮನೆ, ಮಸೀದಿ, ಚರ್ಚುಗಳನ್ನು ಒಂದೊಂದಾಗಿ ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಶುರುವಾಗಲು ಕೆಲವು ವರ್ಷ ಹಿಡಿಯಿತು. ಅಕ್ಕ ಅಷ್ಟೂ ಕಾಲ ನದಿಯ ಆಚೆ ದಡದಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿದ್ದರು. ಕಿಟಕಿಗೆ ಪರದೆ ಹಾಕಿರಲಿಲ್ಲವಂತೆ, ಡಬ್ಬಗಳ ಕಟ್ಟು ಬಿಚ್ಚಿರಲಿಲ್ಲವಂತೆ. ಇಲ್ಲಿಗೆ ಬಾ ಅಂದರೆ, "ನಿನ್ನ ಅಮೆರಿಕದಲ್ಲಿ ನನ್ನ ಓಣಿ ಇದೆಯಾ?" ಅನ್ನುತ್ತಿದ್ದರಂತೆ. ಸರ್ ಒಂದೇ ಹಟ ಹಿಡಿದರು: ಬಿದ್ದ ಮನೆಯನ್ನು ಇದ್ದ ಹಾಗೇ ಕಟ್ಟಿಸಬೇಕು, ಅಕ್ಕ ಕೈಲಾಗುವಾಗಲೇ ಅಲ್ಲಿಗೆ ವಾಪಸು ಹೋಗಿ ಇರಬೇಕು. ಅದೊಂದು ಆಗಿಬಿಟ್ಟರೆ ತನಗೆ ಮತ್ತೇನೂ ಬೇಡ ಅನ್ನುತ್ತಿದ್ದರು.

ಆದರೆ ಆ ಮನೆಯ ನಕ್ಷೆ ಎಲ್ಲೂ ಇರಲಿಲ್ಲ. ಅಜ್ಜನ ಕಾಲದ ಮನೆಗೆ ನಕ್ಷೆ ಯಾರು ಬರೆದಿಟ್ಟಿರುತ್ತಾರೆ? ಇವರ ನೆನಪು ಮತ್ತು ಅಕ್ಕನ ನೆನಪು, ಇವೆರಡೇ ಆಸ್ತಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಕಂಪ್ಯೂಟರಿನಲ್ಲಿ ಗೆರೆ ಎಳೆಯಲು ಕೂತೆ. ಯಾರೂ ಕೇಳಿರಲಿಲ್ಲ, ನಾನೇ ಕುರ್ಚಿ ಎಳೆದುಕೊಂಡೆ. ಅವರು ಸ್ಪೀಕರಿನಲ್ಲಿ ಅಕ್ಕನಿಗೆ ಫೋನು ಮಾಡಿ, ಅರಬ್ಬಿ ಮಾತನ್ನು ನನಗೆ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು, ಅಲ್ಲಿ ಆಗ ರಾತ್ರಿಯೂಟ ಮುಗಿದಿರುತ್ತಿತ್ತು. ನಡುವಿನ ಅಂಗಳ ಎಷ್ಟು ಅಗಲ ಅಂತ ತಮ್ಮ ಕೇಳಿದರೆ ಅಕ್ಕ, "ಅಮ್ಮನ ಎರಡೂ ಜಮಖಾನ ಹಾಸಿದ ಮೇಲೆ ನೀನು ಮಲಗೋಕೆ ಜಾಗ ಉಳೀತಿತ್ತಲ್ಲ, ಅಷ್ಟು" ಅನ್ನುವರು. ಅಡುಗೆಮನೆ ಕಿಟಕಿ ಎಷ್ಟೆತ್ತರ ಅಂದರೆ, "ಪಕ್ಕದ ಮನೆಯವಳು ಉಪ್ಪು ಕೇಳಿದ್ರೆ ನಾನು ತುದಿಗಾಲಲ್ಲಿ ನಿಲ್ಬೇಕಾಗಿತ್ತು." ಸರ್ ತಲೆ ಚಚ್ಚಿಕೊಳ್ಳುವರು, "ಇಂಚಲ್ಲಿ ಹೇಳೇ!" ಅಂತ. ಅಕ್ಕ, "ಇಂಚು ನಿಮ್ಮ ಆಫೀಸಲ್ಲಿಟ್ಕೋ" ಅನ್ನುವರು. ನನಗಂತೂ ಹಬ್ಬ. ಜಮಖಾನವನ್ನು ಅಡಿಗೆ, ತುದಿಗಾಲನ್ನು ಇಂಚಿಗೆ ಇಳಿಸುತ್ತ, ನಾನು ಕಾಲಿಡದ ಮನೆಯೊಂದು ನನ್ನ ಕಣ್ಣೆದುರೇ ಎದ್ದು ನಿಲ್ಲುತ್ತಿತ್ತು.

ಎಲ್ಲ ಸರಿಹೋಯಿತು, ಮೆಟ್ಟಿಲಿಗೆ ಬಂದು ನಿಂತಿತು.

ಮೇಲಿನ ಕೋಣೆಗಳಿಂದ ಅಂಗಳಕ್ಕೆ, ಅಂಗಳದಿಂದ ನೆಲಮಾಳಿಗೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಅಂಗಳದ ಕೆಳಗೆ ಒಂದು ತಿರುವು. ಆ ತಿರುವಿನಲ್ಲಿ ಒಂದು ಮೆಟ್ಟಿಲು ಮಾತ್ರ ಉಳಿದವಕ್ಕಿಂತ ಎದ್ದು ಕಾಣುವಷ್ಟು ಎತ್ತರ. ಅಜ್ಜನ ಮೇಸ್ತ್ರಿಗೆ ಲೆಕ್ಕ ತಪ್ಪಿತ್ತು, ಅಜ್ಜ ಮತ್ತೆ ಕಲ್ಲು ಕೊಳ್ಳಲು ಒಪ್ಪಲಿಲ್ಲ, ಅಷ್ಟೇ ಕತೆ. ಮನೆಗೆ ಬಂದ ಹೊಸಬರೆಲ್ಲ ಅಲ್ಲಿ ಮುಗ್ಗರಿಸುತ್ತಿದ್ದರು, ಮದುವೆಯಾಗಿ ಬಂದ ಸೊಸೆಯಂದಿರೂ ಸೇರಿ. ಸರ್ ಅದನ್ನು ಸಮ ಮಾಡಿ ಬರೆದರು, ಬರೆಯದೆ ಬಿಡುತ್ತಾರೆಯೇ? ಅಕ್ಕನಿಗೆ ಹೇಳಿದರು. ಅಕ್ಕ, "ಆ ಮೆಟ್ಟಿಲು ಇದ್ದ ಹಾಗೇ ಇರ್ಲಿ" ಅಂದರು.

"ಅದು ತಪ್ಪು ಮೆಟ್ಟಿಲು, ಅಕ್ಕ."

"ತಪ್ಪೋ ಒಪ್ಪೋ, ಅದು ಇಲ್ದಿದ್ರೆ ನಾನು ಅಲ್ಲಿಗೆ ಹೋಗಲ್ಲ."

ವಾರಗಟ್ಟಲೆ ಇದೇ ಜಗಳ. ಅಕ್ಕನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ, ಬಿದ್ದರೆ ಗತಿಯೇನು ಅಂತ ತಮ್ಮನ ವಾದ. ಹಿರಿಯಕ್ಕ ಅನ್ನುವ ಒಂದು ಜಾತಿಯೇ ಹಾಗೆ, ನಾನೂ ನನ್ನ ತಮ್ಮಂದಿರಿಗೆ ಹಿರಿಯಕ್ಕನೇ. ವಾದ ಮಾಡಿದಷ್ಟೂ ನಮಗೆ ಕಿವಿ ಕೇಳಿಸುವುದಿಲ್ಲ. ಕೊನೆಗೊಂದು ದಿನ ಅಕ್ಕ ಕಾರಣ ಹೇಳಿದರು. ಸರ್ ಅದನ್ನು ನನಗೆ ಒಂದೊಂದೇ ಮಾತಾಗಿ ಇಂಗ್ಲಿಷಿಗೆ ತಂದು ಹೇಳಿದರು. ಬಾಂಬು ಬೀಳುತ್ತಿದ್ದ ತಿಂಗಳುಗಳಲ್ಲಿ ಓಣಿಯವರೆಲ್ಲ ಇವರ ನೆಲಮಾಳಿಗೆಯಲ್ಲಿ ಸೇರುತ್ತಿದ್ದರು. ಕರೆಂಟಿಲ್ಲ, ದೀಪ ಹಚ್ಚುವಂತಿಲ್ಲ. ಕತ್ತಲಲ್ಲಿ ಕೂತ ಅಕ್ಕನಿಗೆ ಮೇಲಿನಿಂದ ಯಾರು ಇಳಿದು ಬರುತ್ತಿದ್ದಾರೆ ಅಂತ ಆ ಒಂದು ಮೆಟ್ಟಿಲಿನ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಅಲ್ಲಿ ಒಬ್ಬೊಬ್ಬರ ಕಾಲು ಬೀಳುವ ರೀತಿ ಒಂದೊಂದು. ಹೊಸಬರಾದರೆ ತಡವರಿಸುತ್ತಾರೆ, ಆಗ ಅಕ್ಕ ಹೋಗಿ ಕೈ ಹಿಡಿಯಬೇಕು. ಮನೆಯವರಾದರೆ ತಡೆಯಿಲ್ಲದೆ ಬರುತ್ತಾರೆ. ಆ ಸಂಜೆ ಭಾವ ನೀರು ತರಲು ಮೇಲೆ ಹೋಗಿದ್ದರು. ಅಕ್ಕ ಆ ಸದ್ದಿಗೆ ಕಾದು ಕೂತಿದ್ದರು.

"ಎಲ್ಲಾ ಮೆಟ್ಟಿಲೂ ಒಂದೇ ಥರ ಮಾಡಿಬಿಟ್ರೆ ಯಾರು ಬಂದ್ರು ಅಂತ ನನಗೆ ಹೇಗೋ ಗೊತ್ತಾಗುತ್ತೆ?" ಅಂತ ಕೇಳಿದರಂತೆ.

ಸರ್ ಅವತ್ತು ಊಟ ಮಾಡಲಿಲ್ಲ. ಆದರೂ ಒಪ್ಪಲಿಲ್ಲ. "ದುಃಖದಲ್ಲಿದಾಳೆ. ದುಃಖದಲ್ಲಿರೋರ ಮಾತು ಕೇಳಿ ಕೆಟ್ಟ ಮೆಟ್ಟಿಲು ಕಟ್ಟೋಕಾಗತ್ತಾ? ನಾಳೆ ಅವಳ ಸೊಂಟ ಮುರಿದ್ರೆ ಯಾರು ಹೊಣೆ?" ಅಂದರು. ನನಗೆ ಸಿಟ್ಟು ಬಂತು. "ನಿಮಗೆ ಮೆಟ್ಟಿಲು ಮುಖ್ಯಾನಾ, ಅಕ್ಕ ಮುಖ್ಯಾನಾ ಸರ್?" ಅಂದೆ. "ಎರಡೂ ಒಂದೇ!" ಅಂತ ರೇಗಿ ಎದ್ದು ಹೋದರು. ಆ ವಾರ ಬಿಸ್ಕತ್ತಿನ ಡಬ್ಬ ಬರಲಿಲ್ಲ.

ಅದೇ ದಿನಗಳಲ್ಲಿ ಮಂಡ್ಯದಿಂದ ನಮ್ಮತ್ತೆ ಬಂದಿದ್ದರು. ಜಗಳ ಬೆಳೆಯಬಾರದು ಅಂತ ನಾನು ಸರ್ ಅವರನ್ನು ಭಾನುವಾರ ಊಟಕ್ಕೆ ಕರೆದೆ. ನಮ್ಮ ಮೆಟ್ಟಿಲನ್ನು ಹಿಂದೆಯೇ ಅಳೆದು ಪಾಸು ಮಾಡಿದ್ದರಾದ್ದರಿಂದ ಸೀದಾ ಬಂದು ಕೂತರು. ಅತ್ತೆ ಸೊಪ್ಪಿನ ಸಾರು, ಮುದ್ದೆ ಮಾಡಿದ್ದರು. ಮುದ್ದೆ ನುಂಗುವುದನ್ನು ಅತ್ತೆ ಸನ್ನೆಯಲ್ಲಿ ತೋರಿಸಿದರು, ಇವರು ಒಂದೇ ಸಲಕ್ಕೆ ಕಲಿತರು. "ನೋಡವ್ವ, ನಿನ್ ಗಂಡನ್ಗಿಂತ ಈ ಸಾಬ್ರೇ ವಾಸಿ, ಅಗೀದೆ ನುಂಗ್ತಾವ್ರೆ" ಅಂತ ಅತ್ತೆಗೆ ಖುಷಿಯೋ ಖುಷಿ. ಅಡುಗೆಮನೆಗೂ ಊಟದ ಮೇಜಿಗೂ ಓಡಾಡಿ ಬಡಿಸುತ್ತಿದ್ದರು. ಸರ್ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆಯನ್ನೇ ನೋಡುತ್ತಿದ್ದರು.

"ನಿಮ್ಮತ್ತೆ ಬಾಗಿಲಿಗೆ ಬಂದಾಗಲೆಲ್ಲ ಯಾಕೆ ತಲೆ ಬಗ್ಗಿಸ್ತಾರೆ?" ಅಂತ ಮೆಲ್ಲಗೆ ಕೇಳಿದರು.

ನಿಜ ಹೇಳಬೇಕೆಂದರೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನಮ್ಮ ಬಾಗಿಲು ಅತ್ತೆಗಿಂತ ಎಷ್ಟೋ ಎತ್ತರ. ಆದರೂ ಅವರು ದಾಟುವಾಗ ಪ್ರತಿ ಸಲ ಕತ್ತು ಸಣ್ಣಗೆ ಬಗ್ಗುತ್ತಿತ್ತು, ಕೈಯಲ್ಲಿ ಸಾರಿನ ಪಾತ್ರೆ ಇದ್ದರೂ. ಅತ್ತೆಯನ್ನೇ ಕೇಳಿದೆ. ಅವರಿಗೆ ನಾಚಿಕೆಯಾಯಿತು.

"ಅಯ್, ಬಗ್ತೀನಾ? ನಂಗೇ ಗೊತ್ತಾಗಾಕಿಲ್ಲ ಕಣವ್ವ. ನಮ್ ಅಳೇ ಅಟ್ಟಿ ಬಾಗ್ಲು ಗಿಡ್ಡ ಇತ್ತು. ಮದ್ವೆ ಆಗ್ ಬಂದ್ ದಿನ್ವೇ ಅಣೆ ಒಡ್ಕಂಡೆ. ಆಮೇಕೆ ತಲೆ ತಾನಾಗ್ ಬಗ್ಗದ್ ಕಲ್ತ್ಕತು. ಅದ್ನ ಕೆಡ್ವಿ ತಾರಸಿ ಮನೆ ಕಟ್ಸಿ ಎಷ್ಟ್ ವರ್ಸಾಯ್ತು! ತಲೆಗೆ ಇನ್ನೂ ಗೊತ್ತಿಲ್ಲ ನೋಡು" ಅಂತ ನಕ್ಕರು.

ನಾನು ಸರ್‌ಗೆ ಹೇಳಿದೆ. ಅವರು ನಗಲಿಲ್ಲ. "ಆ ಮನೆ ಬೇಕು ಅನ್ಸುತ್ತಾ ಕೇಳು" ಅಂದರು. ಕೇಳಿದೆ. ಅತ್ತೆ ಸೌಟನ್ನು ಸಾರಿನ ಪಾತ್ರೆಗೆ ಇಟ್ಟರು. "ತಾರಸಿ ಮನೇಲಿ ಎಲ್ಲಾ ಚೆಂದಾಗದೆ. ಆದ್ರೆ ಬಗ್ಗೋ ಅಂತ ಬಾಗ್ಲೇ ಇಲ್ಲ, ಅದ್ಯಾಕೋ ಯಾರ್ದೋ ಮನೇಗ್ ಬಂದಂಗೇ ಆಯ್ತದೆ" ಅಂದರು. ಇದನ್ನೂ ನಾನು ಸರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಮ್ಮತ್ತೆಯನ್ನು ಅಂಥದ್ದೊಂದು ಮಾತು ನಾನು ಕೇಳಿರಲಿಲ್ಲ, ಅವರ ಮಗನೂ ಕೇಳಿರಲಿಲ್ಲ. ಸರ್ ಎದ್ದು, ಕೈ ತೊಳೆದು ಬಂದು, ಅತ್ತೆಯ ಮುಂದೆ ನಿಂತು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅತ್ತೆ ಗಾಬರಿಯಾಗಿ, "ಇನ್ನೊಂದ್ ಮುದ್ದೆ ಬೇಕಂತಾ ಕೇಳವ್ವ" ಅಂದರು.

ಸೋಮವಾರ ಬೆಳಗ್ಗೆ ನಾನು ಆಫೀಸಿಗೆ ಹೋಗುವಷ್ಟರಲ್ಲಿ ತಿರುವಿನ ಮೆಟ್ಟಿಲನ್ನು ಅವರೇ ತಿದ್ದಿದ್ದರು. ಎತ್ತರಕ್ಕೆ. ಅಕ್ಕನನ್ನು ಕೇಳಿ ಕೇಳಿ, ಅದು ಅವರ ಮಂಡಿಯಿಂದ ಎಷ್ಟು ಕೆಳಕ್ಕೆ ಬರುತ್ತಿತ್ತು ಅಂತ ತಿಳಿದುಕೊಂಡು ಬರೆದಿದ್ದರು. "ನನ್ನ ಕೈಯಾರೆ ಬರೆದ ಮೊದಲ ಕೆಟ್ಟ ಮೆಟ್ಟಿಲು. ಹುಡುಗರಿಗೆ ತೋರಿಸ್ಬೇಡ" ಅಂದರು. ನಕ್ಷೆ ಮೋಸುಲ್‌ಗೆ ಹೋಯಿತು. ಅಲ್ಲಿ ಹಳೆಯ ಮನೆಗಳ ಕೆಲಸದಲ್ಲಿ ಪಳಗಿದ ಒಬ್ಬ ಮೇಸ್ತ್ರಿ ಸಿಕ್ಕಿದ್ದ. ಕುಸಿದ ಕಲ್ಲುಗಳಲ್ಲಿ ಗಟ್ಟಿಯಿದ್ದವನ್ನು ಆರಿಸಿ, ಒರೆಸಿ, ಮತ್ತೆ ಗೋಡೆಗೆ ಕೂರಿಸುತ್ತಿದ್ದ. ವಾರಕ್ಕೊಮ್ಮೆ ಫೋಟೋ ಬರುತ್ತಿತ್ತು. ಬೂದು ಕಲ್ಲಿನ ಕಮಾನು ಎದ್ದ ದಿನ ಸರ್ ಇಡೀ ಆಫೀಸಿಗೆ ಬಿಸ್ಕತ್ತು ಹಂಚಿದರು. ಹುಡುಗರಿಗೆ ಯಾಕೆ ಅಂತ ಗೊತ್ತಿಲ್ಲ, ತಿಂದರು.

ಮನೆ ಮುಗಿಯಿತು. ಅಕ್ಕ ನೋಡಲು ಹೋದರು. ಮೇಲಿನ ಕೋಣೆಗಳೆಲ್ಲ ಸುತ್ತಿ, ಕಣ್ಣು ಒರೆಸಿಕೊಂಡು, ಅಲ್ಲಿನವರು ಹೊದೆಯುವ ಸೆರಗಿನಂಥ ಕಪ್ಪು ಹೊದಿಕೆಯನ್ನು ಎತ್ತಿ ಹಿಡಿದು, ಯಾವತ್ತಿನ ಹಾಗೆ ಸರಸರನೆ ಮೆಟ್ಟಿಲಿಳಿದರು. ತಿರುವಿನಲ್ಲಿ ಬಿದ್ದರು.

ಆಗಿದ್ದಿಷ್ಟು. ಆ ಮೇಸ್ತ್ರಿ ನಕ್ಷೆಯಲ್ಲಿ ಒಂದು ಮೆಟ್ಟಿಲು ಎತ್ತರವಿರುವುದನ್ನು ಕಂಡಿದ್ದಾನೆ. ಪಾಪ, ಅಮೆರಿಕದ ಇಂಜಿನಿಯರಿಗೆ ವಯಸ್ಸಾಗಿದೆ, ಕೈ ತಪ್ಪಿದೆ, ಹೇಳಿ ಯಾಕೆ ಅವಮಾನ ಮಾಡಲಿ ಅಂತ ತಾನೇ ಸದ್ದಿಲ್ಲದೆ ಎಲ್ಲ ಮೆಟ್ಟಿಲನ್ನೂ ಸಮ ಮಾಡಿಬಿಟ್ಟಿದ್ದಾನೆ. ಅಕ್ಕನ ಕಾಲು ಹಳೆಯ ಆಳಕ್ಕೆ ಇಳಿಯಲು ಹೋಗಿದೆ, ಕಲ್ಲು ಮೊದಲೇ ಬಂದು ಬಡಿದಿದೆ. ಮಂಡಿ ಊದಿತು, ಮೂಳೆಗೇನೂ ಆಗಿರಲಿಲ್ಲ. ಆದರೆ ಅಕ್ಕ ಟ್ಯಾಕ್ಸಿ ಮಾಡಿಕೊಂಡು ನದಿಯ ಆಚೆಗೆ ಹೊರಟುಹೋದರು. "ಚೆನ್ನಾಗಿ ಕಟ್ಟಿಸಿದೀಯ. ಯಾರಿಗಾದ್ರೂ ಬಾಡಿಗೆಗೆ ಕೊಡು" ಅಂತ ತಮ್ಮನಿಗೆ ಹೇಳಿ ಫೋನಿಟ್ಟರು.

ಸರ್ ಅಷ್ಟು ಕುಗ್ಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಯುದ್ಧದ ವರ್ಷದಲ್ಲೂ. "ನೋಡು, ಸಮ ಇರೋ ಮೆಟ್ಟಿಲಲ್ಲಿ ನಮ್ಮಕ್ಕ ಬಿದ್ಲು" ಅಂತ ಎರಡು ಮೂರು ಸಲ ಅಂದರು. ಮೇಸ್ತ್ರಿಗೆ ಫೋನು ಮಾಡಿ ಮತ್ತೆ ಕಟ್ಟು ಅಂದರೆ ಅವನು ಸಾಧ್ಯವೇ ಇಲ್ಲ ಅಂದನಂತೆ. ನಾಲ್ಕು ಜನ ಬಂದು ನೋಡುವ ಮನೆ, ಇವನಿಗೆ ಮೆಟ್ಟಿಲು ಕಟ್ಟಲೂ ಬರುವುದಿಲ್ಲ ಅಂತ ಓಣಿಯೆಲ್ಲ ಆಡಿಕೊಳ್ಳುತ್ತದೆ, ನಾಳೆ ನನಗೆ ಕೆಲಸ ಯಾರು ಕೊಡುತ್ತಾರೆ? ಸರ್‌ಗೆ ಅವನ ಮೇಲೆ ಸಿಟ್ಟು ಬರಲೇ ಇಲ್ಲ. "ಅವನ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ" ಅಂದರು. ನಿವೃತ್ತಿಗೆ ಇನ್ನೂ ಸಮಯವಿತ್ತು. ಇವರು ಆ ತಿಂಗಳೇ ಕೆಲಸ ಬಿಟ್ಟರು. ಬೀಳ್ಕೊಡುಗೆಗೆ ಹುಡುಗರು ಕೇಕು ತರಿಸಿ, ಅದರ ಮೇಲೆ ಕ್ರೀಮಿನಲ್ಲಿ ಮೆಟ್ಟಿಲು ಬಿಡಿಸಿದ್ದರು. ಇವರು ಬಗ್ಗಿ ನೋಡಿ, "ಮೂರನೇದು ಸರಿಯಿಲ್ಲ" ಅಂದು, ಅದನ್ನೇ ಮೊದಲು ಕತ್ತರಿಸಿ ನನಗೆ ಕೊಟ್ಟರು. ಮೋಸುಲ್‌ಗೆ ಹೊರಟವರನ್ನು ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ.

ಮುಂದಿನದನ್ನು ಅವರು ವಿಡಿಯೋ ಕಾಲಿನಲ್ಲಿ ನಗುನಗುತ್ತ ಹೇಳಿದರು. ಮೇಸ್ತ್ರಿ ಒಂದು ಷರತ್ತಿನ ಮೇಲೆ ಒಪ್ಪಿದನಂತೆ: ಈ ಮೆಟ್ಟಿಲಿನ ತಪ್ಪು ನನ್ನದಲ್ಲ ಅಂತ ನೀವೇ ಓಣಿಯ ಬಾಯಲ್ಲಿರುವ ಚಹಾದಂಗಡಿಯಲ್ಲಿ ನಿಂತು, ಎಲ್ಲರೆದುರು ಹೇಳಬೇಕು. ಸರ್ ಹೋದರು. ಚಹಾ ಕುಡಿಯುತ್ತಿದ್ದ ಮುದುಕರ ಮುಂದೆ ನಿಂತು, "ನಾನು ಇಂಥವರ ಮಗ. ಅಮೆರಿಕದಲ್ಲಿ ನಲವತ್ತು ವರ್ಷ ಇಂಜಿನಿಯರಾಗಿದ್ದೆ. ನಮ್ಮ ಮನೆಯ ಸೊಟ್ಟ ಮೆಟ್ಟಿಲನ್ನ ಹೇಳಿ ಕಟ್ಟಿಸ್ತಿರೋನು ನಾನೇ, ಮೇಸ್ತ್ರಿ ಬೇಡ ಅಂದ್ರೂ ಕೇಳ್ಲಿಲ್ಲ" ಅಂದರು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಒಬ್ಬರು, "ಅಷ್ಟು ದೂರ ಹೋಗಿ ಇಷ್ಟೇನಾ ಕಲ್ತಿದ್ದು?" ಅಂತ ಕೇಳಿದರಂತೆ. ಇನ್ನೊಬ್ಬರು, "ಜುಗ್ಗ, ಕಲ್ಲು ಉಳಿಸ್ತಿರ್ಬೇಕು" ಅಂದರಂತೆ. ಮತ್ತೊಬ್ಬರು ಸುಮ್ಮನೆ ಎದ್ದುಬಂದು ಇವರನ್ನು ತಬ್ಬಿಕೊಂಡರಂತೆ. ಬಾಂಬು ಬೀಳುವಾಗ ಅಕ್ಕನ ಕೈ ಹಿಡಿದು ಅದೇ ಮೆಟ್ಟಿಲಿಳಿದು ಬದುಕಿದವರು ಅವರು. ಇದನ್ನು ಹೇಳುವಾಗ ಸರ್ ಫೋನನ್ನು ಬೇರೆ ಕಡೆ ತಿರುಗಿಸಿದರು, ನನಗೆ ಗೋಡೆ ಮಾತ್ರ ಕಂಡಿತು.

ಮೆಟ್ಟಿಲು ಎತ್ತರವಾಯಿತು. ಅಕ್ಕ ಮಾತ್ರ ನೋಡಲು ಬರಲಿಲ್ಲ. ಒಂದು ಸಲ ಬಿದ್ದಾಗಿದೆ, ಸಾಕು ಅಂದರು. ಸರ್ ಬೇಡಿಕೊಂಡರು, ಗದರಿದರು, ಮುನಿಸಿಕೊಂಡರು. ನನಗೂ ಇಲ್ಲಿ ಕೆಲಸದಲ್ಲಿ ಮನಸ್ಸಿಲ್ಲ. ಅಷ್ಟು ದೂರದ, ಮುಖ ಕಾಣದ ಒಬ್ಬ ಹೆಂಗಸು ತನ್ನ ಮನೆಗೆ ಹೋಗುತ್ತಾಳೋ ಇಲ್ಲವೋ ಅಂತ ನಾನು ಪ್ಲೆಸೆಂಟನ್ನಿನಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಅತ್ತೆ ಮಂಡ್ಯದಿಂದ ಫೋನು ಮಾಡಿದಾಗೆಲ್ಲ, "ಆ ಸಾಬ್ರ ಅಕ್ಕ ಮನೇಗ್ ಓದ್ರಾ?" ಅಂತ ಕೇಳುತ್ತಿದ್ದರು.

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ, ಫೋನು ಬಂತು. ಅಲ್ಲಿ ಸಂಜೆ, ಆಗಲೇ ಕತ್ತಲಾಗಿತ್ತು. ಸರ್ ಮೇಲಿನ ಕೋಣೆಯಲ್ಲಿ ಕೂತಿದ್ದರು, ಹಿಂದೆ ಕಿಟಕಿಗೆ ಹೊಸ ಪರದೆ. ಧ್ವನಿ ತಗ್ಗಿಸಿ, "ಬಂದಿದ್ದಾಳೆ. ಮಧ್ಯಾಹ್ನ ಬಂದ್ಲು, ಅಂಗಳದಲ್ಲೇ ಕೂತಿದ್ಲು, ಮೇಲೆ ಹತ್ತೇ ಇಲ್ಲ. ಈಗ ಗೋಡೆ ಹಿಡ್ಕೊಂಡು ನೆಲಮಾಳಿಗೆಗೆ ಇಳಿದು ಏನೋ ಹುಡುಕ್ತಿದ್ದಾಳೆ. ಇವತ್ತೇ ವಾಪಸ್ ಹೋಗ್ತೀನಿ ಅಂತಿದ್ದಾಳೆ" ಅಂದರು. ಅಷ್ಟರಲ್ಲಿ ಅಲ್ಲಿ ಕರೆಂಟು ಹೋಯಿತು. ನನ್ನ ಫೋನಿನ ಪರದೆ ಕಪ್ಪಾಯಿತು, ಸದ್ದು ಮಾತ್ರ ಬರುತ್ತಿತ್ತು. ಕೆಳಗಿನಿಂದ ಅಕ್ಕ ಏನೋ ಕೂಗಿದರು. "ಕತ್ತಲಲ್ಲಿ ಒಬ್ಬಳೇ ಇದ್ದಾಳೆ, ಇರು" ಅಂತ ಸರ್ ಫೋನನ್ನು ಕೈಯಲ್ಲಿ ಹಿಡಿದೇ ಎದ್ದರು.

ಕಲ್ಲಿನ ಮೇಲೆ ಅವರ ಬೂಟಿನ ಸದ್ದು ಕೇಳತೊಡಗಿತು. ಅರವತ್ತು ದಾಟಿದ ಮನುಷ್ಯ, ಫೋನಿನ ಟಾರ್ಚೂ ಹಾಕದೆ ಇಳಿಯುತ್ತಿದ್ದಾರೆ. ನಾನು ಒಲೆ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡೆ. ಟಪ್, ಟಪ್, ಟಪ್ ಅಂತ ಸಮನಾಗಿ ಬರುತ್ತಿದ್ದ ಸದ್ದು ಒಂದು ಕಡೆ ನಿಂತುಹೋಯಿತು. ಆಮೇಲೆ ಎರಡೂ ಕಾಲು ಒಟ್ಟಿಗೆ ಧೊಪ್ಪನೆ ನೆಲಕ್ಕೆ ಬಿದ್ದವು.

ಕತ್ತಲೊಳಗಿಂದ ಒಂದು ಹೆಣ್ಣುದನಿ ಬೈಗುಳ ಶುರುಮಾಡಿತು. ನನಗೆ ಅರಬ್ಬಿಯ ಒಂದಕ್ಷರವೂ ಬರುವುದಿಲ್ಲ, ಆದರೆ ಅಕ್ಕಂದಿರು ತಮ್ಮಂದಿರನ್ನು ಬೈಯುವ ರಾಗ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ. ನಿಲ್ಲಿಸಲೇ ಇಲ್ಲ ಆಕೆ. ಬೈಯುತ್ತ ಬೈಯುತ್ತ ನಡುವೆ ನಕ್ಕರು, ಮತ್ತೆ ಬೈದರು. ಸರ್ ಏದುಸಿರು ಬಿಡುತ್ತ, ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದ ದನಿಯಲ್ಲಿ ನನಗೆ ಹೇಳಿದರು:

"ಕೇಳಿಸ್ತಾ? 'ಆ ಮೆಟ್ಟಿಲು ಹಾರಬೇಡ ಅಂತ ಚಿಕ್ಕಂದಿನಿಂದ ನಿನಗೆ ಎಷ್ಟು ಸಲ ಹೇಳೋದೋ, ಹಲ್ಲು ಮುರ್ಕೋತೀಯ' ಅಂತಿದ್ದಾಳೆ."